ಗುಟ್ಟಾಗಿ ಕೊಡುವುದೋ, ಕೈಗೇ ಕೊಡುವುದೋ, ಸಾಲವಾಗಿ ಕೊಡುವುದೋ? ಯೆಹೂದಿ ಪರಂಪರೆ ಹಾಕಿದ ಲೆಕ್ಕ

ಕೊಡಬೇಕು ಅಂತ ಮನಸ್ಸು ಮಾಡಿದ ಮೇಲೇ ತಲೆನೋವು ಶುರು. ಬಾಗಿಲಿಗೆ ಬಂದವರ ಕೈಗೆ ಇಡುವುದೋ, ಯಾವುದಾದರೂ ನಿಧಿಗೆ ಹಾಕುವುದೋ? ಹೆಸರು ಹೇಳುವುದೋ, ಸುಮ್ಮನಿರುವುದೋ? ಒಬ್ಬರಿಗೇ ದೊಡ್ಡ ಮೊತ್ತವೋ, ನೂರು ಜನಕ್ಕೆ ಚಿಲ್ಲರೆಯೋ? ಅಷ್ಟಕ್ಕೂ ಕೇಳುತ್ತಿರುವವರ ಕಥೆ ನಿಜವೋ? ಯೆಹೂದಿಗಳ ಗುರುಗಳು, ಅಂದರೆ ರಬ್ಬಿಗಳು, ಈ ಪ್ರಶ್ನೆಗಳನ್ನು ಸುಮಾರು ಎರಡು ಸಾವಿರ ವರ್ಷಗಳಿಂದ ಎಳೆದಾಡಿ, ಯಾವುದು ಮೇಲು ಯಾವುದು ಕೆಳಗೆ ಎಂದು ದರ್ಜೆ ಹಾಕಿಟ್ಟಿದ್ದಾರೆ. "ಒಳ್ಳೇ ಮನಸ್ಸಿನಿಂದ ಕೊಟ್ಟರೆ ಸಾಕು" ಎಂದು ನಾವು ಮಾತು ಮುಗಿಸುವ ಜಾಗದಲ್ಲಿ ಅವರ ಚರ್ಚೆ ಶುರುವಾಗುತ್ತದೆ. ಅದನ್ನು ಓದುತ್ತ ಓದುತ್ತ ನನಗೆ ಹೊಳೆದದ್ದು ಇಷ್ಟು: ಕೊಡುವವನ ಮನಸ್ಸು ಎಂಥದ್ದು ಅಂತ ತಿಳಿಯಲು ಅವರು ನೋಡುವುದು ತೆಗೆದುಕೊಳ್ಳುವವನ ಮುಖವನ್ನು.

ದಾನವೋ, ಬಾಕಿಯೋ

ತ್ಸೆದಾಕಾ ಎಂಬ ಹೀಬ್ರೂ ಪದವನ್ನು ದಾನ ಎಂದುಬಿಟ್ಟರೆ ಅರ್ಧ ಅರ್ಥ ಸೋರಿಹೋಗುತ್ತದೆ. ಅದರ ಬೇರು ತ್ಸೆದೆಕ್, ಅಂದರೆ ನ್ಯಾಯ. ಬಡವನಿಗೆ ಸಲ್ಲಬೇಕಾದ್ದು ನಿಮ್ಮ ಹತ್ತಿರ ಇದೆ, ಸಲ್ಲಿಸಿ, ಅಷ್ಟೇ. ಹೊಲದ ಅಂಚನ್ನು ಕೊಯ್ಯದೆ ಬಿಡು, ಉದುರಿದ ತೆನೆ ಆರಿಸಬೇಡ ಎನ್ನುತ್ತದೆ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ: ಹೊಲದಲ್ಲಿ ಒಂದು ಸಿವುಡು ಮರೆತು ಬಂದೆಯಾ, ತರಲು ಹಿಂದಕ್ಕೆ ಹೋಗಬೇಡ, ಅದು ಪರದೇಶಿಯದು, ಅನಾಥರದು, ವಿಧವೆಯರದು. ಎಷ್ಟು ಅಂಚು ಬಿಡಬೇಕು ಎನ್ನುವುದಕ್ಕೂ ರಬ್ಬಿಗಳ ಹಳೆಯ ನಿಯಮಸಂಗ್ರಹವಾದ ಮಿಶ್ನಾ ಲೆಕ್ಕ ಕೊಡುತ್ತದೆ, ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಕೂಡದು. ಯಾವ ಬಡವ ಕೊಯ್ಯಬೇಕು ಎಂದು ಆರಿಸುವ ಹಕ್ಕು ಹೊಲದವನಿಗಿಲ್ಲ. ನೆಂಟನಿಗೋ, ತನಗೆ ಸಲಾಮು ಹೊಡೆಯುವವನಿಗೋ ಎತ್ತಿಡುವ ಹಾಗಿಲ್ಲ. ಬಂದವರು ಬಗ್ಗಿ ಕೊಯ್ದುಕೊಂಡು ಹೋಗುತ್ತಾರೆ. "ನಾನು ಕೊಟ್ಟೆ" ಎನ್ನಲು ಅಲ್ಲಿ ಎಡೆಯೇ ಇಲ್ಲ.

ಹಾಗಾದರೆ ಮನಸ್ಸಿಗೆ ಕೆಲಸವೇನು? ವಿಮೋಚನಕಾಂಡದಲ್ಲಿ ಎರಡು ಬಗೆಯ ಕೊಡುಗೆ ಬರುತ್ತವೆ. ಒಂದು ಅರ್ಧ ಶೆಕೆಲ್. ಎಣಿಕೆಗೆ ಬಂದ ಪ್ರತಿಯೊಬ್ಬನೂ ಕೊಡಬೇಕು, ಸಾಹುಕಾರ ಹೆಚ್ಚು ಕೊಡಕೂಡದು, ಬಡವ ಕಡಿಮೆ ಕೊಡಕೂಡದು. ಇನ್ನೊಂದು ದೇವರ ಗುಡಾರ ಕಟ್ಟಲು ಎತ್ತಿದ್ದು. ಯಾರ ಹೃದಯ ಪ್ರೇರಿಸುತ್ತದೋ ಅವರಿಂದ ಮಾತ್ರ ತೆಗೆದುಕೊಳ್ಳಿ ಎಂದು ಅಪ್ಪಣೆ. ಇದಕ್ಕೆ ಜನ ಚಿನ್ನ, ಬೆಳ್ಳಿ, ನೂಲು, ತೊಗಲು ಎಲ್ಲ ತಂದು ಸುರಿದರು. ಕಡೆಗೆ ಕುಶಲಕರ್ಮಿಗಳೇ ಬಂದು ಬೇಕಾದದ್ದಕ್ಕಿಂತ ಹೆಚ್ಚಾಯಿತು ಎಂದು ದೂರು ಕೊಟ್ಟರು, ಮೋಶೆ ಇನ್ನು ತರಬೇಡಿ ಎಂದು ಪಾಳೆಯದ ತುಂಬ ಸಾರಿಸಬೇಕಾಯಿತು. (ದೇಣಿಗೆ ಸಾಕು ಎಂದು ಡಂಗುರ ಹೊಡೆಸಿದ ಸಮಿತಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.)

ಬಡವನ ವಿಷಯಕ್ಕೆ ಬಂದಾಗ ಈ ಎರಡೂ ಬೆರೆತುಕೊಳ್ಳುತ್ತವೆ. ಮನಸ್ಸು ಕಲ್ಲು ಮಾಡಿಕೊಳ್ಳಬೇಡ, ಮುಷ್ಟಿ ಬಿಗಿಹಿಡಿಯಬೇಡ, ಕೊಡುವಾಗ ಒಳಗೊಳಗೇ ಸಂಕಟಪಡಬೇಡ ಎನ್ನುತ್ತದೆ ಧರ್ಮೋಪದೇಶಕಾಂಡದ 15ನೇ ಅಧ್ಯಾಯ. ಕೊಡುವುದೂ ಕಡ್ಡಾಯ, ಮನಸ್ಸು ಬಿಚ್ಚುವುದೂ ಕಡ್ಡಾಯ. ಮನಸ್ಸು ಬಂದಾಗ ಕೊಡುತ್ತೇನೆ ಎನ್ನುವ ಆಯ್ಕೆಯೇ ಇಲ್ಲಿಲ್ಲ.

ಎಂಟು ಮೆಟ್ಟಿಲು

ಆಯ್ಕೆಗಳ ಹೋಲಿಕೆಗೆ ಎಲ್ಲರೂ ತೆರೆಯುವ ಪುಟ ಒಂದಿದೆ. 12ನೇ ಶತಮಾನದಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿ ಹುಟ್ಟಿ, ಈಜಿಪ್ಟಿನ ಫುಸ್ತಾತಿನಲ್ಲಿ ವೈದ್ಯರಾಗಿ ಬಾಳಿ, 1204ರಲ್ಲಿ ತೀರಿಕೊಂಡ ಮೋಶೆ ಬೆನ್ ಮೈಮೊನ್ (ಹೊರಗಿನವರಿಗೆ ಮೈಮೊನಿಡೀಸ್) ತಮ್ಮ ಧರ್ಮಶಾಸ್ತ್ರ ಸಂಹಿತೆಯಲ್ಲಿ ಬಡವರ ಪಾಲಿನ ಬಗ್ಗೆ ಬರೆದ ಭಾಗದ ಹತ್ತನೇ ಅಧ್ಯಾಯ. ಅಲ್ಲಿ ತ್ಸೆದಾಕಾಕ್ಕೆ ಎಂಟು ಮೆಟ್ಟಿಲು. ಅವರು ಮೇಲಿಂದ ಇಳಿಯುತ್ತಾರೆ, ನಾನು ಕೆಳಗಿಂದ ಹತ್ತುತ್ತೇನೆ. ಎಣಿಕೆ ಮಾತ್ರ ಅವರದೇ: ತೀರ ಮೇಲಿನದು ಒಂದನೆಯದು, ತೀರ ಕೆಳಗಿನದು ಎಂಟನೆಯದು.

ತೀರ ಕೆಳಗಿರುವವನು ಬೇಸರದಿಂದ ಕೊಡುವವನು. ಅವನ ಮೇಲೆ, ಕೊಡಬೇಕಾದ್ದಕ್ಕಿಂತ ಕಡಿಮೆ ಆದರೆ ನಗುಮುಖದಿಂದ ಕೊಡುವವನು. ಅವನ ಮೇಲೆ, ಕೇಳಿದ ಮೇಲೆ ಕೊಡುವವನು. ಅವನ ಮೇಲೆ, ಕೇಳುವ ಮೊದಲೇ ಕೈಗಿಡುವವನು. ಇಲ್ಲಿ ಒಂದು ಗಳಿಗೆ ನಿಲ್ಲಿ. ಪ್ರೀತಿಯಿಂದ ಕೊಟ್ಟ ಹತ್ತು ರೂಪಾಯಿಯೇ ದೊಡ್ಡದು, ಮೊತ್ತ ಯಾಕೆ ನೋಡಬೇಕು ಎಂದು ನಾವೆಲ್ಲ ಹೇಳಿಕೊಳ್ಳುತ್ತೇವಲ್ಲ, ಈ ಏಣಿ ಆ ಸಮಾಧಾನ ಕೊಡುವುದಿಲ್ಲ. ನಕ್ಕು ಕಡಿಮೆ ಕೊಟ್ಟವನಿಗೆ ಕೆಳಗಿನಿಂದ ಎರಡನೇ ಜಾಗ. ಹಸಿದವನಿಗೆ ಬೇಕಾದದ್ದು ಊಟ, ನಿಮ್ಮ ನಗುವಿನಲ್ಲಿ ಅದರ ಅರ್ಧ ಪಾಲು ಮುರಿದುಕೊಳ್ಳಬೇಡಿ ಅನ್ನುವಂತಿದೆ ಈ ದರ್ಜೆ.

ನಡುವಿನ ಎರಡು ಮೆಟ್ಟಿಲು ನನಗೆ ತುಂಬ ಇಷ್ಟ. ನಾಲ್ಕನೆಯದರಲ್ಲಿ ಯಾರು ಕೊಟ್ಟರು ಅಂತ ಬಡವನಿಗೆ ಗೊತ್ತು, ಯಾರಿಗೆ ಹೋಯಿತು ಅಂತ ಕೊಟ್ಟವನಿಗೆ ಗೊತ್ತಿಲ್ಲ. ಹಿಂದಿನ ಕೆಲವು ಪಂಡಿತರು ನಾಣ್ಯಗಳನ್ನು ಬಟ್ಟೆಯಲ್ಲಿ ಕಟ್ಟಿ, ಆ ಬಟ್ಟೆಯನ್ನು ಬೆನ್ನ ಮೇಲೆ ಇಳಿಬಿಟ್ಟುಕೊಂಡು ನಡೆಯುತ್ತಿದ್ದರಂತೆ. ನಮ್ಮ ಅಜ್ಜಿಯರು ಸೆರಗಿನ ತುದಿಗೆ ಕಾಸು ಗಂಟು ಹಾಕುತ್ತಿದ್ದದ್ದು ಕಳೆದುಹೋಗದಿರಲಿ ಅಂತ. ಇವರು ಗಂಟು ಹಾಕುತ್ತಿದ್ದದ್ದು ಯಾರಾದರೂ ಬಿಚ್ಚಿಕೊಳ್ಳಲಿ ಅಂತ. ಹಿಂದಿನಿಂದ ಬಡವ ಬಂದು ತೆಗೆದುಕೊಳ್ಳುತ್ತಾನೆ, ಇವರು ತಿರುಗಿ ನೋಡುವುದಿಲ್ಲ. ಮೂರನೆಯದು ಇದಕ್ಕೆ ತಿರುವುಮುರುವು: ಕೊಟ್ಟವನಿಗೆ ಗೊತ್ತು, ತೆಗೆದುಕೊಂಡವನಿಗೆ ಗೊತ್ತಿಲ್ಲ. ಗುಟ್ಟಾಗಿ ಹೋಗಿ ಬಡವರ ಮನೆ ಬಾಗಿಲಲ್ಲಿ ಹಣ ಎಸೆದು ಬರುವುದು. ಎರಡರಲ್ಲೂ ಅರ್ಧ ಗುಟ್ಟು. ಆದರೂ ಮೂರನೆಯದೇ ಮೇಲು ಯಾಕೆ? ನಾಚಿಕೆ ಯಾರದ್ದೋ, ಗುಟ್ಟು ಅವರ ಕಡೆ ಇರಬೇಕು. ನಾಳೆ ಸಂತೆಯಲ್ಲಿ ಎದುರಾದಾಗ ತಲೆ ತಗ್ಗಿಸಬೇಕಾದವನು ಪಡೆದವನು. ಅವನಿಗೆ ಕೊಟ್ಟವರ ಗುರುತು ಇಲ್ಲದಿದ್ದರೆ ತಲೆ ಎತ್ತಿಯೇ ನಡೆಯಬಹುದು.

ಎರಡನೇ ಮೆಟ್ಟಿಲಲ್ಲಿ ಇಬ್ಬರಿಗೂ ಗೊತ್ತಿಲ್ಲ. ಜೆರುಸಲೇಮಿನ ದೇವಾಲಯದಲ್ಲಿ ಪಿಸುಮಾತಿನ ಕೋಣೆ ಎಂಬರ್ಥದ ಹೆಸರಿನ ಒಂದು ಕೋಣೆ ಇತ್ತು. ಭಕ್ತರು ಗುಟ್ಟಾಗಿ ಬಂದು ಹಾಕುತ್ತಿದ್ದರು, ಒಳ್ಳೆ ಮನೆತನದ ಬಡವರು ಗುಟ್ಟಾಗಿ ಬಂದು ಅದರಿಂದ ಬದುಕುತ್ತಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ನಾವು ಆಡುವ ಮಾತು ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಬಾಯಲ್ಲಿ ಬರುತ್ತದೆ. ಆ ದೇವಾಲಯ ಇನ್ನೂ ನಿಂತಿದ್ದ ಕಾಲದ ಯೆಹೂದಿ ಆತ ಎನ್ನುವುದನ್ನು ನೆನೆದರೆ ಮಾತಿನ ನಂಟು ಕಾಣುತ್ತದೆ.

ಮೊದಲನೇ ಮೆಟ್ಟಿಲು ಬೇರೆಯದೇ ಜಾತಿ. ಅದಕ್ಕೆ ಆಮೇಲೆ ಬರುತ್ತೇನೆ.

ಇದೇ ಅಧ್ಯಾಯದಲ್ಲಿ ಸ್ವಲ್ಪ ಹಿಂದೆ ಇನ್ನೊಂದು ಮಾತಿದೆ: ಸಾವಿರ ಚಿನ್ನದ ನಾಣ್ಯ ಕೊಟ್ಟರೂ ಮುಖ ಗಂಟಿಕ್ಕಿಕೊಂಡು, ನೆಲ ನೋಡುತ್ತ ಕೊಟ್ಟರೆ ಪುಣ್ಯವೆಲ್ಲ ಹೋಯಿತು. ಹಾಗಿದ್ದರೆ ಬೇಸರದಿಂದ ಕೊಡುವವನಿಗೆ ಎಂಟನೇ ಮೆಟ್ಟಿಲಾದರೂ ಯಾಕೆ ಸಿಕ್ಕಿತು? ಬೇಸರ ಒಳಗೆ ಮಾತ್ರ ಇದ್ದರೆ ಎಂಟನೇ ಮೆಟ್ಟಿಲು, ಅದು ಮುಖಕ್ಕೆ ಬಂದರೆ ಏಣಿಯಿಂದಲೇ ಕೆಳಗೆ ಎಂದು ಬಿಡಿಸಿದವರಿದ್ದಾರೆ. ನನಗೂ ಅದೇ ಸರಿ ಕಾಣುತ್ತದೆ. ಒಳಗೆ ಸಂಕಟ ಇದ್ದರೂ ಮುಖ ಅರಳಿಸಿ ಕೊಡುವುದನ್ನು ನಾವು ನಾಟಕ ಎನ್ನುತ್ತೇವೆ. ಎದುರಿಗೆ ಕೈ ಒಡ್ಡಿ ನಿಂತವನಿಗೆ ಅದು ಮರ್ಯಾದೆ.

ಪಿಯುಸಿ ಓದುವಾಗ ನನ್ನನ್ನೂ ಸೇರಿಸಿ ಕೆಲವು ಹುಡುಗರಿಗೆ ಒಂದು ಸಂಸ್ಥೆಯವರು ಪುಸ್ತಕ ಕೊಟ್ಟಿದ್ದರು. ವೇದಿಕೆ ಹತ್ತಿಸಿ, ಮೈಕಿನಲ್ಲಿ ತಂದೆಯ ಹೆಸರೂ ಉದ್ಯೋಗವೂ ಓದಿ, ಪುಸ್ತಕದ ಕಟ್ಟನ್ನು ಅರ್ಧ ಕೊಟ್ಟು ಅರ್ಧ ಹಿಡಿದುಕೊಂಡು, ಫೋಟೊಗ್ರಾಫರ್ ಸರಿಯಾಗಿ ಬರಲಿಲ್ಲ ಅಂದಿದ್ದಕ್ಕೆ ಇನ್ನೊಮ್ಮೆ ಕೊಟ್ಟರು. ಪುಸ್ತಕಗಳು ಉಪಯೋಗಕ್ಕೆ ಬಂದವು, ಸುಳ್ಳು ಹೇಳುವುದಿಲ್ಲ. ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದಿನಲ್ಲಿ ರಬ್ಬಿ ಯನ್ನಾಯ್ ಎಲ್ಲರೆದುರು ಬಡವನಿಗೆ ಒಂದು ಬೆಳ್ಳಿ ನಾಣ್ಯ ಕೊಟ್ಟವನನ್ನು ನೋಡಿ, ಹೀಗೆ ಕೊಟ್ಟು ಅವಮಾನ ಮಾಡುವ ಬದಲು ಕೊಡದೇ ಇದ್ದರೆ ಚೆನ್ನಾಗಿತ್ತು ಎಂದರು ಅಂತ ಓದಿದಾಗ ನೆನಪಾದದ್ದು ಆ ಎರಡನೇ ಫೋಟೊ.

ಮಾರ್ ಉಕ್ವಾ ಮತ್ತು ಅವನ ಹೆಂಡತಿ

ಹಾಗಂತ ಗುಟ್ಟೇ ಯಾವಾಗಲೂ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ತಾಲ್ಮುದಿನ ಕೆತುಬೋತ್ ಭಾಗದಲ್ಲಿ ಬಾಬಿಲೋನಿಯಾದ ಮಾರ್ ಉಕ್ವಾನ ಕಥೆ ಇದೆ. ಅವನ ನೆರೆಯಲ್ಲಿ ಒಬ್ಬ ಬಡವ. ದಿನಾ ನಾಲ್ಕು ಬೆಳ್ಳಿ ನಾಣ್ಯವನ್ನು ಆ ಮನೆಯ ಬಾಗಿಲ ಸಂದಿಯಲ್ಲಿ ಎಸೆದು ಹೋಗುವುದು ಮಾರ್ ಉಕ್ವಾನ ರೂಢಿ. ಒಂದು ದಿನ ಆ ಬಡವನಿಗೆ, ಇಷ್ಟು ಉಪಕಾರ ಮಾಡುತ್ತಿರುವ ಪುಣ್ಯಾತ್ಮ ಯಾರು, ನೋಡೇಬಿಡೋಣ ಅನ್ನಿಸಿತು. ಅವತ್ತೇ ಮಾರ್ ಉಕ್ವಾ ಪಾಠಶಾಲೆಯಲ್ಲಿ ತಡಮಾಡಿದ್ದ, ಹೆಂಡತಿಯೂ ಜೊತೆಗಿದ್ದಳು. ಬಾಗಿಲು ಅಲುಗಿದ್ದೇ ತಡ ಬಡವ ಹೊರಗೆ ಓಡಿಬಂದ. ಗಂಡ ಹೆಂಡತಿ ಓಡಿಹೋಗಿ, ಆಗಷ್ಟೇ ಕೆಂಡ ಗೋರಿ ತೆಗೆದಿದ್ದ ಒಂದು ಒಲೆಗೂಡಿನೊಳಗೆ ನುಗ್ಗಿ ಅಡಗಿಕೊಂಡರು. ನೆಲ ಇನ್ನೂ ಸುಡುತ್ತಿದೆ. ಮಾರ್ ಉಕ್ವಾನ ಕಾಲು ಬೇಯುತ್ತಿವೆ. ಹೆಂಡತಿಗೆ ಏನೂ ಆಗಿಲ್ಲ. "ನಿನ್ನ ಕಾಲೆತ್ತಿ ನನ್ನ ಕಾಲ ಮೇಲಿಡು" ಎನ್ನುತ್ತಾಳೆ ಅವಳು.

ಅವನಿಗೆ ಮುಖಭಂಗವಾಯಿತು. ದಿನಾ ಗುಟ್ಟಾಗಿ ಕೊಡುವವನು ನಾನು, ಬೆಂಕಿ ಸುಡದೆ ಬಿಟ್ಟಿದ್ದು ಇವಳನ್ನು. ಅವಳ ವಿವರಣೆ ಚಿಕ್ಕದು: ನಾನು ಮನೆಯಲ್ಲಿರುತ್ತೇನೆ, ನಾನು ಕೊಟ್ಟದ್ದು ಕೊಟ್ಟ ತಕ್ಷಣ ಹೊಟ್ಟೆಗೆ ಸೇರುತ್ತದೆ. ಮಾರ್ ಉಕ್ವಾನ ನಾಣ್ಯ ಹಿಡಿದು ಬಡವ ಸಂತೆಗೆ ಹೋಗಬೇಕು, ಹಿಟ್ಟು ಕೊಳ್ಳಬೇಕು, ಬೇಯಿಸಬೇಕು. ಅವಳ ಬಾಗಿಲಲ್ಲಿ ನಿಂತವನಿಗೆ ರೊಟ್ಟಿಯೇ ಸಿಗುತ್ತದೆ. ಅವಳಿಗೆ ತೆಗೆದುಕೊಳ್ಳುವವರ ಮುಖ ಗೊತ್ತು, ಅವರಿಗೆ ಅವಳದು ಗೊತ್ತು. ಏಣಿಯ ಲೆಕ್ಕದಲ್ಲಿ ಅದು ಕೆಳಗಿನ ಮೆಟ್ಟಿಲು. ಒಲೆಯ ಲೆಕ್ಕದಲ್ಲಿ ಮೇಲಿನದು. ಇಬ್ಬರೂ ಒಲೆಗೂಡು ಹೊಕ್ಕದ್ದು ಯಾಕೆ ಎಂದು ತಾಲ್ಮುದೇ ಕೇಳಿ ಉತ್ತರ ಕೊಡುತ್ತದೆ: ಇನ್ನೊಬ್ಬನನ್ನು ನಾಲ್ಕು ಜನರೆದುರು ನಾಚಿಸುವುದಕ್ಕಿಂತ ಬೆಂಕಿಗೆ ಬೀಳುವುದು ವಾಸಿ.

ನನ್ನ ತೀರ್ಮಾನ ಹೀಗೆ: ಬಾಡಿಗೆ, ಫೀಸು, ಆಸ್ಪತ್ರೆ ಬಿಲ್ಲಿನಂಥ ನೆರವು ಗುರುತಿನವರಿಗೆ, ದಿನಾ ಮುಖ ನೋಡಬೇಕಾದವರಿಗೆ ಆದರೆ ಗುಟ್ಟಾಗಿ. ಹೊತ್ತಿಗೆ ಬೇಕಾದ ಊಟ, ಔಷಧಿ ಆದರೆ ಗುಟ್ಟಿನ ಗೊಡವೆ ಬಿಟ್ಟು ಕೈಗೆ.

ನಿಧಿಗೆ ಹಾಕುವುದಾದರೆ

ಹಳೆಯ ಯೆಹೂದಿ ಊರುಗಳಲ್ಲಿ ಎರಡು ಏರ್ಪಾಡಿದ್ದವು: ಶುಕ್ರವಾರದಿಂದ ಶುಕ್ರವಾರಕ್ಕೆ ಹಣ ಹಂಚುವ ಕುಪ್ಪಾ ಎಂಬ ಪೆಟ್ಟಿಗೆ, ದಿನಾ ಅಡುಗೆ ಪದಾರ್ಥ ಕೂಡಿಸಿ ಹಂಚುವ ತಮ್ಹೂಯಿ ಎಂಬ ಪಾತ್ರೆ. ಪೆಟ್ಟಿಗೆಗೆ ಹಾಕಿದರೆ ಇಬ್ಬರಿಗೂ ಮುಖ ಕಾಣದು, ಹಾಗಾಗಿ ಎರಡನೇ ಮೆಟ್ಟಿಲಿಗೆ ಹತ್ತಿರ. ಷರತ್ತು ಮಾತ್ರ ಗಟ್ಟಿ. ವಸೂಲಿಗೆ ಇಬ್ಬರು ಜೊತೆಯಾಗಿಯೇ ಹೋಗಬೇಕು, ಹಂಚಲು ಮೂವರು ಕೂರಬೇಕು. ವಸೂಲಿ ಮಾಡುವವನಿಗೆ ಸಂತೆಯಲ್ಲಿ ತನ್ನದೇ ಸ್ವಂತಕ್ಕೆ ಒಂದು ಕಾಸು ಬಿದ್ದು ಸಿಕ್ಕಿದರೂ ಅಲ್ಲೇ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ನೋಡಿದವರು ಏನೆಂದುಕೊಂಡಾರು? ಪೆಟ್ಟಿಗೆಗೇ ಹಾಕಿ, ಮನೆಗೆ ಹೋದ ಮೇಲೆ ತೆಗೆದುಕೊಳ್ಳಬೇಕು. ರಬ್ಬಿ ಹನನ್ಯಾ ಬೆನ್ ತೆರದಿಯೋನ್ ಅಂಥವರು ಮೇಲ್ವಿಚಾರಣೆಗೆ ಇಲ್ಲದಿದ್ದರೆ ಪೆಟ್ಟಿಗೆಗೆ ಹಾಕಲೇಬೇಡಿ ಎನ್ನುತ್ತಾರೆ ಮೈಮೊನಿಡೀಸ್. ಪೂರಿಮ್ ಹಬ್ಬಕ್ಕೆಂದು ಇಟ್ಟ ಹಣ ಒಮ್ಮೆ ಬಡವರ ಹಣದ ಜೊತೆ ಕಲಸಿಹೋದಾಗ, ಬೇರ್ಪಡಿಸುವ ತಂಟೆಗೇ ಹೋಗದೆ ಎಲ್ಲವನ್ನೂ ಬಡವರಿಗೆ ಹಂಚಿಬಿಟ್ಟ ಮನುಷ್ಯ ಆತ. ಈಗ ನಿಧಿ ಆರಿಸುವಾಗ ವೆಬ್‌ಸೈಟಿನ ಫೋಟೊಗಿಂತ ಲೆಕ್ಕಪತ್ರ ನೋಡಿ ಎನ್ನುವುದು ಅದೇ ಮಾತು.

ಹೆಸರು ಕೆತ್ತಿಸುವುದೋ ಬೇಡವೋ? 16ನೇ ಶತಮಾನದ ಕ್ರಾಕೊವ್ ನಗರದ ರಬ್ಬಿ ಮೋಶೆ ಇಸ್ಸೆರ್ಲಿಸ್ ಇಲ್ಲಿ ಸ್ವಲ್ಪ ಸಡಿಲ ಬಿಡುತ್ತಾರೆ: ಕೊಟ್ಟದ್ದನ್ನು ಹೇಳಿಕೊಂಡು ತಿರುಗಬಾರದು, ಆದರೆ ಸಮುದಾಯಕ್ಕೆ ಒಂದು ವಸ್ತು ಕೊಟ್ಟರೆ ಅದರ ಮೇಲೆ ಹೆಸರು ಹಾಕಿಸಬಹುದು. ಪುಣೆಯಲ್ಲಿರುವ ಕನ್ನಡಿಗರು ಸಸೂನ್ ಆಸ್ಪತ್ರೆ ಎಂದು ದಿನಾ ಹೇಳುವ ಹೆಸರು, ಬಾಗ್ದಾದಿನಿಂದ ಮುಂಬೈಗೆ ಬಂದ ಯೆಹೂದಿ ವ್ಯಾಪಾರಿ ಡೇವಿಡ್ ಸಸೂನ್ ಅವರದ್ದು. ಕಟ್ಟಡದ ಮೇಲಿನ ಹೆಸರು ಒಳಗೆ ಮಲಗಿದ ರೋಗಿಯನ್ನು ನಾಚಿಸುವುದಿಲ್ಲ. ಅಕ್ಕಿ ಚೀಲದ ಮೇಲಿನ ಹೆಸರು ನಾಚಿಸುತ್ತದೆ.

ದಾನವೋ, ಸಾಲವೋ

ಈಗ ಮೊದಲನೇ ಮೆಟ್ಟಿಲು. ಜಾರುತ್ತಿರುವವನ ಕೈ ಹಿಡಿಯುವುದು: ಉಡುಗೊರೆ ಕೊಟ್ಟೋ, ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲುದಾರನಾಗಿ ಸೇರಿಸಿಕೊಂಡೋ, ಕೆಲಸ ಹುಡುಕಿಕೊಟ್ಟೋ, ಅವನು ಇನ್ನೊಬ್ಬರ ಮುಂದೆ ಕೈ ಒಡ್ಡದ ಹಾಗೆ ಮಾಡುವುದು. ಇದಕ್ಕೆ ಹಳೆಯ ವ್ಯಾಖ್ಯಾನವೊಂದು ಕೊಡುವ ಹೋಲಿಕೆ ಕತ್ತೆಯ ಮೇಲಿನ ಹೊರೆಯದು. ಹೊರೆ ವಾಲುತ್ತಿರುವಾಗ ಒಬ್ಬ ಕೈ ಕೊಟ್ಟರೆ ನಿಲ್ಲುತ್ತದೆ, ನೆಲಕ್ಕೆ ಬಿದ್ದ ಮೇಲೆ ಐದು ಜನ ಸೇರಿದರೂ ಏಳದು. ಸಾಲ ಕೊಡುವವನು ದಾನ ಕೊಡುವವನಿಗಿಂತ ದೊಡ್ಡವನು, ಬಂಡವಾಳ ಹಾಕಿ ಪಾಲು ಸೇರುವವನು ಎಲ್ಲರಿಗಿಂತ ದೊಡ್ಡವನು ಎಂದು ತಾಲ್ಮುದ್ ನೇರವಾಗಿಯೇ ಹೇಳುತ್ತದೆ. ಪಾಲುದಾರ ಯಾರಿಗೂ ಋಣಿಯಲ್ಲವಲ್ಲ.

ಸಾಲ ಅಂದರೆ ಬಡ್ಡಿಯಿಲ್ಲದ್ದು. ಇದರ ಸುತ್ತ ಗೆಮಾಹ್ ಎಂಬ ವ್ಯವಸ್ಥೆಯೇ ಬೆಳೆದಿದೆ. ಹಣದ ಗೆಮಾಹ್ ಇದೆ, ಮದುವೆ ಉಡುಪಿನದಿದೆ, ತೊಟ್ಟಿಲಿನದಿದೆ. ನ್ಯೂಯಾರ್ಕಿನಲ್ಲಿ ವಲಸೆ ಬಂದವರಿಗೆ ಬಡ್ಡಿಯಿಲ್ಲದ ಸಾಲ ಕೊಡಲು 1892ರಲ್ಲಿ ಶುರುವಾದ ಹೀಬ್ರೂ ಫ್ರೀ ಲೋನ್ ಸೊಸೈಟಿ ಇಂದಿಗೂ ನಡೆಯುತ್ತಿದೆ. ಜೆರುಸಲೇಮಿನಲ್ಲಿ 1976ರಲ್ಲಿ ಹುಟ್ಟಿದ ಯಾದ್ ಸಾರಾ ಗಾಲಿಕುರ್ಚಿ, ಊರುಗೋಲಿನಂಥ ಸಾಮಾನನ್ನು ಎರವಲು ಕೊಡುತ್ತದೆ. ಎರವಲು ತಂದವನು ವಾಪಸು ಕೊಡುತ್ತಾನೆ, ಅಲ್ಲಿಗೆ ಲೆಕ್ಕ ಚುಕ್ತ.

ಆದರೆ ಸಾಲದ್ದೊಂದು ಮುಳ್ಳಿದೆ. ತೀರಿಸಲಾಗದವನಿಗೆ ಸಾಲ ಕೊಟ್ಟರೆ ಅವನು ಬೀದಿ ಬದಲಿಸಿ ನಡೆಯಬೇಕಾಗುತ್ತದೆ. ಅದಕ್ಕೇ ರಬ್ಬಿಗಳು ಕೊಟ್ಟವನಿಗೂ ಬೇಲಿ ಹಾಕಿದರು: ಸಾಲಗಾರನ ಹತ್ತಿರ ದುಡ್ಡಿಲ್ಲ ಅಂತ ನಿನಗೆ ಗೊತ್ತಿದ್ದರೆ ಅವನ ಮುಂದೆ ಹಾದುಹೋಗಲೂಬೇಡ. ಬೀದಿ ಬದಲಿಸಬೇಕಾದವನು ನೀನು! ಹಾಗಾಗಿ ದುಡಿಯುವ ಕೈಯಿರುವವನಿಗೆ ಸಾಲ, ಅದಿಲ್ಲದವನಿಗೆ ಕೊಡುಗೆ. ಕೊಡುಗೆ ಬೇಡ ಎಂದು ಹಟ ಹಿಡಿಯುವ ಸ್ವಾಭಿಮಾನಿಗೆ ಉಪಾಯ ಮಾಡಿ, ಉಡುಗೊರೆ ಅಂತಲೋ ಸಾಲ ಅಂತಲೋ ಹೇಳಿ ದಾಟಿಸಬೇಕು. ದುಡ್ಡಿದ್ದೂ ಜಿಪುಣತನದಿಂದ ಉಪವಾಸ ಬೀಳುವ ಸಾಹುಕಾರನಿಗೆ? ಅವನ ಗೊಡವೆ ಬೇಡ ಎಂದು ಮೈಮೊನಿಡೀಸ್ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಒಂದೇ ಸಲವೋ, ದಿನಾ ಇಷ್ಟಿಷ್ಟೋ

ಮೈಮೊನಿಡೀಸ್ ಇನ್ನೊಂದು ಕಡೆ ಹೇಳುವುದು: ಒಬ್ಬನಿಗೇ ಒಂದೇ ಸಲ ಸಾವಿರ ನಾಣ್ಯ ಕೊಡುವುದಕ್ಕಿಂತ ಸಾವಿರ ಸಲ ಒಂದೊಂದು ಕೊಡುವುದು ಮೇಲು. ಸಾವಿರ ಸಲ ಕೈ ಬಿಚ್ಚಿದವನಿಗೆ ಬಿಚ್ಚುವುದು ರೂಢಿಯಾಗುತ್ತದೆ, ಒಂದೇ ಸಲ ಕೊಟ್ಟವನಿಗೆ ಆ ಹುಕಿ ಇಳಿದ ಮೇಲೆ ಮುಷ್ಟಿ ಮತ್ತೆ ಬಿಗಿ. ಉದಾರ ಮನಸ್ಸು ಹುಟ್ಟಿನಿಂದ ಬರುವುದು ಎಂದು ಅವರು ನಂಬುವುದಿಲ್ಲ, ಈಜಿನ ಹಾಗೆ ಪಳಗುವುದು. ಯೆಹೂದಿ ಮನೆಗಳಲ್ಲಿ ಪುಷ್ಕೆ ಎಂಬ ಪುಟ್ಟ ಡಬ್ಬಿ ಇರುವುದು ಇದಕ್ಕೇ. ಶುಕ್ರವಾರ ಸಂಜೆ ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ದೀಪ ಹಚ್ಚುವ ಮೊದಲು ಮಕ್ಕಳ ಕೈಯಲ್ಲಿ ಒಂದು ನಾಣ್ಯ ಹಾಕಿಸುತ್ತಾರೆ, ಟಣ್ ಎಂದ ಮೇಲೆ ದೀಪ.

ಇಲ್ಲಿ ನನ್ನದೊಂದು ತಕರಾರು. ಈ ಲೆಕ್ಕ ಪೂರ್ತಿ ಕೊಡುವವನ ಕಡೆಯದು. ಸಾವಿರ ಜನಕ್ಕೆ ಒಂದೊಂದು ನಾಣ್ಯ ಹೋದರೆ ಯಾರ ಹೊಲಿಗೆ ಯಂತ್ರವೂ ಬರುವುದಿಲ್ಲ. ಮೊದಲನೇ ಮೆಟ್ಟಿಲು ಹತ್ತಬೇಕಾದರೆ ದುಡ್ಡು ಒಂದೆಡೆ ಸೇರಲೇಬೇಕು. ಎರಡನ್ನೂ ಹೇಳಿದವರು ಒಬ್ಬರೇ ಆದ್ದರಿಂದ ನಾನು ಹೀಗೆ ಹಂಚಿಕೊಂಡಿದ್ದೇನೆ: ಕೈ ಪಳಗಲು ದಿನದ ಚಿಲ್ಲರೆ, ಒಬ್ಬರ ಬದುಕು ನಿಲ್ಲಲು ವರ್ಷಕ್ಕೊಂದು ದೊಡ್ಡ ಗಂಟು.

ಎಷ್ಟು, ಯಾರಿಗೆ, ತನಿಖೆ ಮಾಡಬೇಕೇ

ಆದಾಯದ ಹತ್ತರಲ್ಲೊಂದು ಸಾಧಾರಣ, ಐದರಲ್ಲೊಂದು ಉತ್ತಮ. ಅದಕ್ಕಿಂತ ಹೆಚ್ಚು ಕೊಡಬೇಡ, ನಾಳೆ ನೀನೇ ಬೇಡಬೇಕಾದೀತು ಎಂದು ಉಷಾ ಎಂಬ ಊರಿನ ಪಂಡಿತರು ಕಡಿವಾಣ ಹಾಕಿದರು. ತ್ಸೆದಾಕಾದಿಂದಲೇ ಬದುಕುವವನೂ ಅದರಲ್ಲಿ ಒಂದಿಷ್ಟು ಕೊಡಬೇಕು; ಕೊಡುವ ಗೌರವ ಅವನಿಗೂ ಇರಲಿ.

ತೆಗೆದುಕೊಳ್ಳುವವನಿಗೆ ಎಷ್ಟು ಸಲ್ಲಬೇಕು ಎಂದರೆ ಅವನಿಗೆ ಕೊರತೆ ಇರುವಷ್ಟು. ಕೆಟ್ಟು ಹೋದ ಸಿರಿವಂತನೊಬ್ಬನಿಗೆ ಹಿಲ್ಲೆಲ್ ಎಂಬ ಗುರು ಕುದುರೆಯನ್ನೂ ಮುಂದೆ ಓಡುವ ಆಳನ್ನೂ ಒದಗಿಸಿದ್ದರಂತೆ. ಒಂದು ದಿನ ಆಳು ಸಿಗದೆ ಹಿಲ್ಲೆಲ್ ತಾವೇ ಮೂರು ಮೈಲಿಯಷ್ಟು ಅವನ ಕುದುರೆಯ ಮುಂದೆ ಓಡಿದರು. ನನಗೆ ಈ ಕಥೆ ಓದಿದಾಗಲೆಲ್ಲ ಸ್ವಲ್ಪ ಸಿಟ್ಟು ಬರುತ್ತದೆ. ಕುದುರೆ ಯಾಕೆ ಬೇಕಿತ್ತು ಅವನಿಗೆ ಅಂತ ಕೇಳಬೇಕೆನಿಸುತ್ತದೆ. ಕೇಳದೆ ಓಡಿದರಲ್ಲ, ಅದಕ್ಕೇ ಅವರು ಹಿಲ್ಲೆಲ್.

ತನಿಖೆಯ ಬಗ್ಗೆ ಸರಳ ಸೂತ್ರ: ಹಸಿವು ಎಂದವನಿಗೆ ಮೊದಲು ಊಟ, ವಿಚಾರಣೆ ಇಲ್ಲ. ಬಟ್ಟೆ ಎಂದವನನ್ನು ವಿಚಾರಿಸಬಹುದು, ಗುರುತಿನವನಾದರೆ ಅದೂ ಬೇಡ. ನಿಮ್ಮ ಊರಿನ ಬಡವರು ಮೊದಲು, ಬೇರೆ ಊರಿನವರು ಆಮೇಲೆ. ಊರಿನ ಬಡವರಲ್ಲಿ ಯೆಹೂದಿಯಲ್ಲದವರಿಗೂ ಯೆಹೂದಿಗಳ ಜೊತೆಗೇ ಊಟ ಹಾಕಬೇಕು, ಸೌಹಾರ್ದದ ಸಲುವಾಗಿ. ಪೂರಿಮ್ ಹಬ್ಬದ ದಿನ ಮಾತ್ರ ಯಾವ ಲೆಕ್ಕವೂ ಇಲ್ಲ, ಕೈ ಚಾಚಿದವರಿಗೆಲ್ಲ ಕೊಡುವುದು. ಆ ದಿನ ನೆಂಟರಿಷ್ಟರಿಗೆ ಕಳಿಸುವ ತಿಂಡಿಗಿಂತ, ಮನೆಯ ಹಬ್ಬದೂಟಕ್ಕಿಂತ ಬಡವರ ಪಾಲಿಗೆ ಹೆಚ್ಚು ಖರ್ಚು ಮಾಡಿ ಎಂದು ಮೈಮೊನಿಡೀಸ್ ಬರೆಯುತ್ತಾರೆ.

ಜೇಬು ಖಾಲಿ ಇದ್ದಾಗ

ಬಡವನಿಗೆ ಒಂದು ಕಾಸು ಕೊಟ್ಟವನಿಗೆ ಆರು ಆಶೀರ್ವಾದ, ಮಾತಿನಿಂದ ಸಂತೈಸಿದವನಿಗೆ ಹನ್ನೊಂದು ಎಂದು ತಾಲ್ಮುದಿನಲ್ಲಿ ರಬ್ಬಿ ಇತ್ಸ್ಹಾಕ್ ಹೇಳುತ್ತಾರೆ. ಹನ್ನೊಂದು ಸಿಗುತ್ತದಲ್ಲ ಅಂತ ಜೇಬಲ್ಲಿ ದುಡ್ಡಿಟ್ಟುಕೊಂಡು ಬರೀ ಮಾತಾಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಏನೂ ಇಲ್ಲದಿದ್ದರೆ ಸಂತೈಸಬೇಕು, ಗದರಬಾರದು, ದನಿ ಎತ್ತಬಾರದು, ಅವನ ಎದೆ ಮೊದಲೇ ಒಡೆದಿದೆ. ಮನೆ ಮನೆ ತಿರುಗುವವನಿಗೆ ದೊಡ್ಡ ಮೊತ್ತ ಕೊಡಬೇಕಾಗಿಲ್ಲ, ಆದರೆ ಬರಿಗೈಯಲ್ಲಿ ಕಳಿಸುವಂತಿಲ್ಲ. ಎಷ್ಟು ಕೊಟ್ಟರೆ ಬರಿಗೈ ಅಲ್ಲ ಎನ್ನುವುದಕ್ಕೂ ಮೈಮೊನಿಡೀಸ್ ಅಳತೆ ಕೊಟ್ಟಿದ್ದಾರೆ: ಒಂದು ಒಣ ಅಂಜೂರ.